ಥಟ್ಟನೆ ಕಳಚುವ ಮೌಂಟು

ಡೋರೀನಳ ಅಂಗಡಿಯ ಮುಂದೆ ಟೌನೊ ಹಕಲಾ ಆ ದಿನ ಟ್ರಕ್ಕು ನಿಲ್ಲಿಸದೆ ಎರಡು ಸಲ ಮುಂದೆ ಹೋದ. ಮೊದಲ ಸಲ ಒಳಗೆ ಪಾದ್ರಿಯ ಹೆಂಡತಿ ಕಂಡಳು. ಎರಡನೆಯ ಸಲ ಯಾರೂ ಇರಲಿಲ್ಲ, ಆದರೆ ಅಷ್ಟರಲ್ಲಿ ಧೈರ್ಯವೂ ಇರಲಿಲ್ಲ. ಎಪ್ಪತ್ತು ದಾಟಿದ ಗಂಡಸು, ಮರ ಕಡಿಯುವ ಕಾಲದಲ್ಲಿ ಕರಡಿಯನ್ನು ಬರೀ ಬೈಗುಳದಿಂದ ಓಡಿಸಿದವನು, ಒಂದು ಅಂಗಡಿಯ ಬಾಗಿಲು ತಳ್ಳುವುದಕ್ಕೆ ಕಳ್ಳನಂತೆ ಅತ್ತಿತ್ತ ನೋಡುತ್ತಿದ್ದ. ಬೇಕಾಗಿದ್ದದ್ದಾದರೂ ಏನು? ಕೋವಿಯ ಮೇಲೆ ದುರ್ಬೀನು ಕೂರಿಸುವ ಕಬ್ಬಿಣದ ಹಿಡಿಕೆ, ಮೌಂಟು ಎನ್ನುತ್ತಾರಲ್ಲ, ಅದು. ಊರಿನ ಮುಕ್ಕಾಲು ಗಂಡಸರ ಕೋವಿಯ ಮೇಲೆ ಅದಿದೆ.

ಟೌನೊನ ಕೋವಿಯ ಮೇಲೆ ಮಾತ್ರ ಇರಲಿಲ್ಲ, ಇರಕೂಡದು ಎಂದು ಅವನೇ ಸಾರಿದ್ದ. ಪ್ರತಿ ನವೆಂಬರಿನಲ್ಲೂ ಬೇಟೆಯ ಗುಡಿಸಲಿನಲ್ಲಿ ಒಲೆಯ ಪಕ್ಕ ಕಾಲು ಚಾಚಿ, "ದುರ್ಬೀನು ಬೇಕಾದವನು ಚಂದ್ರನ್ನ ನೋಡ್ಲಿ, ಜಿಂಕೆ ತಂಟೆಗೆ ಯಾಕೆ ಬರ್ತಾನೆ?" ಎನ್ನುವುದು ಅವನ ಮಾತು. ಹೆಂಡತಿಯ ತಮ್ಮ ರೈನೊ ಮೊದಲ ಸಲ ದುರ್ಬೀನು ತಂದ ವರ್ಷ ಅದರ ತುದಿಗೆ ಕಣ್ಣಿಟ್ಟು, ಇನ್ನೊಂದು ತುದಿಯನ್ನು ರೈನೊನ ಹಣೆಗೆ ಹಿಡಿದು, "ಲೋ, ನಿನ್ನ ಬುದ್ಧಿ ಕಾಣಿಸ್ತಾ ಇಲ್ವಲ್ಲೋ, ಇನ್ನೂ ಸ್ವಲ್ಪ ದೊಡ್ಡದು ಮಾಡೋದು ಹೇಗೆ?" ಎಂದು ಕೇಳಿದ್ದ. ಆ ಮಾತನ್ನು ಊರು ಮರೆತಿಲ್ಲ, ರೈನೊ ಅಂತೂ ಮರೆತಿಲ್ಲ.

ಈಗ ಎರಡು ವರ್ಷದಿಂದ ಟೌನೊನ ಕಣ್ಣು ಕೈಕೊಟ್ಟಿತ್ತು. ನಳಿಗೆಯ ತುದಿಯ ಮೊನೆಯನ್ನು ಹಿಂದಿನ ಸೀಳಿನಲ್ಲಿ ಕೂರಿಸಿ ಗುರಿ ಹಿಡಿಯಬೇಕು. ಆ ಮೊನೆ ಈಗ ಎರಡಾಗಿ ಕಾಣುತ್ತಿತ್ತು, ಅದರಾಚೆಗಿನ ಜಿಂಕೆ ಬರೀ ಕಂದು ಕಲೆ. ಕಣ್ಣಿನ ಡಾಕ್ಟರು ಕನ್ನಡಕ ಬದಲಿಸಿದ, ಮತ್ತೆ ಬದಲಿಸಿದ, ಕೊನೆಗೆ "ವಯಸ್ಸು" ಎಂದ. ಹಿಂದಿನ ಎರಡು ಬೇಟೆಕಾಲದಲ್ಲೂ ಟೌನೊ ಒಂದು ಗುಂಡೂ ಹಾರಿಸಿರಲಿಲ್ಲ. "ಒಳ್ಳೇ ಕೊಂಬು ಇರ್ಲಿಲ್ಲ, ಪಾಪ ಹೋಗ್ಲಿ ಅಂತ ಬಿಟ್ಟೆ" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿಕೊಂಡಿದ್ದ. ಈ ವರ್ಷವೂ ಅದನ್ನೇ ಹೇಳಿದರೆ ಯಾರೂ ನಂಬುವುದಿಲ್ಲ, ಕೈಗೆ ಸೌಟು ಬರುತ್ತದೆ.

ಸೌಟಿನ ವಿಷಯ ಹೀಗಿದೆ. ಗುಡಿಸಲಿನ ಹಿರಿಯ ಒನ್ನಿಗೆ ಕಣ್ಣು ಮಂಜಾದಾಗ ಯಾರೂ ಅವನನ್ನು ಬೇಟೆಗೆ ಬರಬೇಡ ಎನ್ನಲಿಲ್ಲ. ಬಹಳ ಪ್ರೀತಿಯಿಂದ, "ಒನ್ನಿ, ನಿನ್ನ ಕೈಯಡುಗೆ ತಿಂದು ಎಷ್ಟು ಕಾಲ ಆಯ್ತು" ಎಂದು ಸೌಟು ಕೊಟ್ಟರು. ಎಲ್ಲರೂ ಕಾಡಿಗೆ ಹೋದ ಮೇಲೆ ಒನ್ನಿ ಖಾಲಿ ಗುಡಿಸಲಿನಲ್ಲಿ ಆಲೂಗಡ್ಡೆ ಸುಲಿಯುತ್ತ ಕಿಟಕಿ ನೋಡುತ್ತ ಕೂತ. ಮರುವರ್ಷ ಮಂಡಿನೋವು ಎಂದು ಬರಲೇ ಇಲ್ಲ. ಮಂಡಿನೋವು ಯಾರಿಗಿಲ್ಲ? ಆ ಸೌಟು ಇವತ್ತಿಗೂ ಒಲೆಯ ಪಕ್ಕದ ಕೊಕ್ಕೆಯಲ್ಲಿ ತೂಗುತ್ತಿದೆ. ಟೌನೊ ಕರಡಿಗೆ ಹೆದರಿದವನಲ್ಲ, ಆ ಸೌಟಿಗೆ ಹೆದರಿದ.

ಹಾಗಾಗಿ ದುರ್ಬೀನು ಬೇಕು, ಆದರೆ ಯಾರಿಗೂ ಕಾಣಕೂಡದು. ಗುಡಿಸಲಿನಿಂದ ಬರೀ ಕೋವಿ ಹಿಡಿದು ಹೊರಡಬೇಕು, ಕಾಡಿನಲ್ಲಿ ಕೂತ ಮೇಲೆ ದುರ್ಬೀನು ಹಾಕಬೇಕು, ವಾಪಸು ಬರುವಾಗ ಕಳಚಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಈ ಉಪಾಯ ಹೊಳೆದ ದಿನ ಅವನು ಊಟವನ್ನು ಎರಡು ಸಲ ಬಡಿಸಿಕೊಂಡಿದ್ದ.

ಮೂರನೆಯ ಸುತ್ತಿಗೆ ಟ್ರಕ್ಕು ನಿಂತಿತು. ಡೋರೀನ್ ಬಂದೂಕು, ಗಾಳದ ಹುಳ, ಮದುವೆಯ ಕೇಕು ಮೂರನ್ನೂ ಒಂದೇ ಕೌಂಟರಿನಲ್ಲಿ ಮಾರುವ ಹೆಂಗಸು.

"ಒಂದು ಮೌಂಟು ಬೇಕಿತ್ತು," ಎಂದ ಟೌನೊ, ಕೇಕಿನ ಕಡೆ ನೋಡುತ್ತ.

"ಯಾರಿಗೆ?"

"ಗೆಳೆಯನೊಬ್ಬನಿಗೆ."

"ಕೋವಿ ಯಾವ್ದು?"

"ಎಸ್‌ಕೆಎಸ್. ಯುಗೊಸ್ಲಾವಿಯಾದ್ದು."

ಡೋರೀನ್ "ಓ" ಎಂದಳು. ಆ ದೇಶದ ಸೈನ್ಯ ಬೇಡವೆಂದು ಮಾರಿದ ಆ ಜಾತಿಯ ಕೋವಿ ಸುತ್ತಮುತ್ತ ಒಬ್ಬನ ಹತ್ತಿರವೇ ಇತ್ತು. ಒಂದು ಗುಂಡು ಹಾರಿಸಿದರೆ ಮುಂದಿನದನ್ನು ತಾನೇ ತುಂಬಿಕೊಂಡು, ಮತ್ತೆ ಕುದುರೆ ಎಳೆಯಲಿ ಎಂದು ಕಾಯುವ ಕೋವಿ. ಟೌನೊ ಅದನ್ನು ತಂದಾಗ ಮೈತುಂಬ ಸೈನ್ಯದ ಹಳೇ ಗ್ರೀಸು ಮೆತ್ತಿತ್ತು. ಅದನ್ನು ಕರಗಿಸಲು ಹೆಂಡತಿ ಲೆಂಪಿಯ ಒವನ್ನಿನಲ್ಲಿ ಇಟ್ಟಿದ್ದ. ಆ ವರ್ಷ ಕ್ರಿಸ್ಮಸ್‌ವರೆಗೂ ಅವರ ಮನೆಯ ಏಲಕ್ಕಿ ಬ್ರೆಡ್ಡು ಫಿರಂಗಿಯ ವಾಸನೆ ಹೊಡೆದದ್ದನ್ನು ಇಡೀ ಚರ್ಚು ತಿಂದು ತಿಳಿದುಕೊಂಡಿತ್ತು.

"ನಿನ್ನ ಗೆಳೆಯನ ಕಣ್ಣು ಹೇಗಿದೆ ಈಗ?" ಡೋರೀನ್ ಕೇಳಿದಳು.

"ಅವನಿಗೇನು, ಹದ್ದಿನ ಕಣ್ಣು."

"ಹದ್ದಿಗೆ ಮೌಂಟು. ಸರಿ." ಅವಳು ಗಟ್ಟಿಯಾದ ಕಪ್ಪು ಉಕ್ಕಿನ ತುಂಡೊಂದನ್ನು ಮುಂದಿಟ್ಟಳು. "ಇದು ಪಕ್ಕಕ್ಕೆ ಬಿಗಿಯೋದು. ಕೋವಿ ಮೈಗೆ ತೂತು ಕೊರೆದು ತಿರುಪು ಹಾಕ್ಬೇಕು. ಒಂದ್ಸಲ ಕೂತ್ರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

"ಕಳಚೋಕೆ ಎಷ್ಟು ಹೊತ್ತು?"

"ಯಾಕೆ ಕಳಚ್ಬೇಕು? ಅಲ್ಲಾಡಬಾರ್ದು ಅಂತ್ಲೇ ಅಲ್ವಾ ಬಿಗಿಯೋದು?"

"ಗೆಳೆಯ ಕೇಳು ಅಂದಿದ್ದಾನೆ."

ಅವಳು ಇನ್ನೊಂದನ್ನು ತೆಗೆದಳು. ಹಿಂದಿನ ಸೀಳನ್ನು ಕಿತ್ತು ಅದರ ಜಾಗದಲ್ಲಿ ಕೂರಿಸುವುದು, ದುರ್ಬೀನು ಕಣ್ಣಿನಿಂದ ಒಂದು ಮೊಳ ಮುಂದೆ ನಿಲ್ಲುತ್ತದೆ. ಟೌನೊ ಅದನ್ನು ಹಿಂದಕ್ಕೆ ತಳ್ಳಿದ. "ಅಷ್ಟು ಮುಂದೆ ಇದ್ರೆ ನನಗಿಂತ ಮೊದ್ಲು ಅದೇ ಗುಡಿಸಲು ಸೇರುತ್ತೆ."

"ನಿನಗಿಂತ?"

"ಗೆಳೆಯನಿಗಿಂತ."

ಕೌಂಟರಿನ ಅಡಿಯಲ್ಲಿ ಧೂಳು ಹಿಡಿದ ಡಬ್ಬವೊಂದಿತ್ತು. ಟೌನೊ ಬಗ್ಗಿ ನೋಡಿ ಅದೇನು ಎಂದು ಕೇಳಿದ.

"ಅದು ಬೇಡ. ಕೋವಿ ಬೆನ್ನ ಮೇಲೆ ತಗಡಿನ ಮುಚ್ಚಳ ಇರುತ್ತಲ್ಲ, ಅದರ ಬದಲಿಗೆ ಹಾಕೋ ಮುಚ್ಚಳ. ದುರ್ಬೀನು ಇದರ ಮೇಲೇ ಕೂರುತ್ತೆ. ಹಿಂದಿನ ಪಿನ್ನು ಎಳೆದ್ರೆ ದುರ್ಬೀನು ಸಮೇತ ಕೈಗೆ ಬರುತ್ತೆ."

ಟೌನೊನ ಮುಖ ಮದುವೆ ಗಂಡಿನ ಹಾಗೆ ಬೆಳಗಿತು.

"ಕೇಳಿಲ್ಲಿ," ಎಂದಳು ಡೋರೀನ್. "ಮುಚ್ಚಳ ಇರೋದು ಕಸ ಬೀಳ್ದೇ ಇರ್ಲಿ ಅಂತ. ಅದು ಸಡಿಲ. ಅದರ ಮೇಲೆ ದುರ್ಬೀನು ಇಡೋದು ಅಂದ್ರೆ ಕುದಿಯೋ ಪಾತ್ರೆ ಮುಚ್ಚಳದ ಮೇಲೆ ಗಡಿಯಾರ ಇಟ್ಟ ಹಾಗೆ. ಒಂದೊಂದ್ಸಲ ಕಳಚಿ ಹಾಕಿದಾಗ್ಲೂ ಗುರಿ ಒಂದೊಂದು ಕಡೆ. ಮೇಲಾಗಿ ಒಳಗಿನ ಸ್ಪ್ರಿಂಗನ್ನ ತಡೆದು ಹಿಡಿದಿರೋದೂ ಅದೇ. ಪಿನ್ನು ಪೂರ್ತಿ ಕೂರ್ದೇ ಇದ್ರೆ..."

"ಕಳಚೋಕೆ ಎಷ್ಟು ಹೊತ್ತು ಅಂದೆ?"

"ಥಟ್ಟನೆ."

"ಕೊಡು."

ಅದರ ಮೇಲೆ ಒಂದು ದುರ್ಬೀನನ್ನೂ ಕೊಂಡ. ಕೋವಿಗಿಂತ ದುರ್ಬೀನಿಗೇ ಹೆಚ್ಚು ದುಡ್ಡಾಯಿತು, ಮೂಗಿಗಿಂತ ಮೂಗುತಿ ಭಾರ. ಬಾಗಿಲ ಹತ್ತಿರ ಅವನು ತಿರುಗಿ, "ಯಾರಿಗೂ ಹೇಳ್ಬೇಡ" ಎಂದ. "ಗೆಳೆಯನ ವಿಷಯ ನಾನ್ಯಾಕೆ ಹೇಳ್ಲಿ" ಎಂದಳು ಡೋರೀನ್.

ಲೆಂಪಿಯಿಂದ ಮಾತ್ರ ಏನನ್ನೂ ಬಚ್ಚಿಡುವ ಹಾಗಿರಲಿಲ್ಲ. ಕಲ್ಲುಕ್ವಾರಿಯಲ್ಲಿ ಗುರಿ ಪರೀಕ್ಷೆಗೆ ಹೋದ ದಿನ ಟ್ರಕ್ಕು ಓಡಿಸಿದವಳೇ ಅವಳು. ಗಂಡ ಹಿಮದ ಮೇಲೆ ಕಾಫಿ ಡಬ್ಬ ಇಟ್ಟು ಹೊಡೆಯುತ್ತಿದ್ದರೆ ಅವಳು ಸೀಟಿನಲ್ಲೇ ಕೂತು ಕಾಲುಚೀಲ ಹೆಣೆಯುತ್ತ ಗಾಜಿನಿಂದ ನೋಡುತ್ತಿದ್ದಳು. ಮೊದಲ ಗುಂಡಿಗೆ ಡಬ್ಬ ಹಾರಿತು. ಟೌನೊ ಗೆದ್ದವನಂತೆ ಕೈ ಎತ್ತಿದ. ಆಮೇಲೆ ಮುಚ್ಚಳ ಕಳಚಿದ, ಮತ್ತೆ ಹಾಕಿದ, ಹೊಡೆದ. ಡಬ್ಬದ ಬಲಕ್ಕೆ ಒಂದು ಮಾರು ದೂರದಲ್ಲಿ ಹಿಮ ಚಿಮ್ಮಿತು. ಮತ್ತೆ ಕಳಚಿದ, ಹಾಕಿದ, ಹೊಡೆದ. ಈ ಸಲ ಎಡಕ್ಕೆ.

"ಗಾಳಿ," ಎಂದ, ಕಿಟಕಿಯ ಹತ್ತಿರ ಬಂದು.

"ಒಂದು ಎಲೆನೂ ಅಲ್ಲಾಡ್ತಿಲ್ಲ."

"ನವೆಂಬರಲ್ಲಿ ಮರದ ಮೇಲೆ ಎಲೆ ಎಲ್ಲಿದೆ?"

"ಅದಕ್ಕೇ ಅಲ್ಲಾಡ್ತಿಲ್ಲ. ಟೌನೊ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮುಚ್ಚಳ ವಾಪಸು ಕೊಟ್ಟು ತೂತು ಕೊರೆಸ್ಕೊಂಡು ಬಾ."

"ತೂತು ಕೊರೆದ್ರೆ ಕಳಚೋಕಾಗಲ್ಲ."

"ಕಳಚೋದ್ಯಾಕೆ? ನಿನ್ನ ಕಣ್ಣು ಹೋಗಿದ್ದು ಕಳ್ಳತನ ಮಾಡಿದ್ದಕ್ಕಾ? ರೈನೊ ನನ್ನ ತಮ್ಮ, ಅವನೇನು ನಿನ್ನ ತಿಂದ್ಹಾಕ್ತಾನಾ?"

"ತಿನ್ನಲ್ಲ. ನಗ್ತಾನೆ. ನಕ್ಕು ಆಮೇಲೆ ಸೌಟು ಕೊಡ್ತಾನೆ," ಎಂದ ಟೌನೊ. ಲೆಂಪಿ ಹೆಣಿಗೆ ಮಡಚಿಟ್ಟು ಟ್ರಕ್ಕು ಶುರು ಮಾಡಿದಳು.

ಬೇಟೆ ಶುರುವಾಗುವ ಹಿಂದಿನ ದಿನ ಟೌನೊ ಹೊಸ ಉಣ್ಣೆಯ ಅಂಗಿ ಹಾಕಿಕೊಂಡು ಹೊರಟ. ಲೆಂಪಿ ಬಾಗಿಲಲ್ಲಿ ಅಡ್ಡ ನಿಂತು ಅದನ್ನು ಬಿಚ್ಚಿಸಿ ಹಳೆಯ ಚೌಕಳಿ ಅಂಗಿ ತೊಡಿಸಿದಳು. "ಗುಡಿಸಲಿನ ಹೊಗೆಗೆ ಇದೇ ಸಾಕು" ಎಂದಳು. ಇಷ್ಟು ವರ್ಷ ಇಲ್ಲದ ಹೊಗೆ ಈಗೆಲ್ಲಿಂದ ಬಂತು ಎಂದು ಕೇಳಬೇಕಿತ್ತು. ಆದರೆ ಅವಳು ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಕಡುಬುಗಳನ್ನು ಚೀಲಕ್ಕೆ ಹಾಕುತ್ತಿದ್ದಳು, ಅವನ ಗಮನ ಅತ್ತ ಹೋಯಿತು.

ಗುಡಿಸಲಿನಲ್ಲಿ ರೈನೊ ಆಗಲೇ ಸೌನಾಕ್ಕೆ, ಹಬೆಸ್ನಾನದ ಕೋಣೆಗೆ, ಬೆಂಕಿ ಹಾಕಿದ್ದ. ಜೊತೆಗೆ ಜ್ಯಾಗೋ ಇದ್ದ. ಗಣಿಯಲ್ಲಿ ದುಡಿದು ನಿವೃತ್ತನಾದವನು, ಬಾಗಿಲಿಗೆ ಪಕ್ಕಕ್ಕೆ ತಿರುಗಿ ಬರಬೇಕಾದಷ್ಟು ಅಗಲದ ಮನುಷ್ಯ. ಒಳಗಿನ ಗೋಡೆಯ ತುಂಬ ಬಟ್ಟೆಯ ತುಂಡುಗಳು ನೇತಾಡುತ್ತಿದ್ದವು. ಗುರಿ ಇಟ್ಟು ಹೊಡೆದರೂ ಜಿಂಕೆ ತಪ್ಪಿಸಿಕೊಂಡರೆ ಹೊಡೆದವನ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿಯ ಕಾನೂನು. ಜ್ಯಾಗೋನ ಅಂಗಿಗಳಿಂದಲೇ ಒಂದು ಕಂಬಳಿ ಹೊಲಿಯಬಹುದಿತ್ತು. ರೈನೊನವು ಕಿಟಕಿಯ ಸುತ್ತ ತೋರಣ ಕಟ್ಟಿದ ಹಾಗಿದ್ದವು. ಟೌನೊನದು ಒಂದೂ ಇರಲಿಲ್ಲ. ಅದಕ್ಕೇ ಕತ್ತರಿ ಅವನ ವಶದಲ್ಲಿತ್ತು, ಪ್ರತಿಯೊಂದನ್ನೂ ಕತ್ತರಿಸಿದವನು ಅವನೇ, ಕತ್ತರಿಸುವ ಮುಂಚೆ ಭಾಷಣ ಮಾಡುತ್ತಿದ್ದವನೂ ಅವನೇ. ತೋರಣದ ನಡುವೆ ಒಂದು ಬರೀ ಮೊಳೆ ಇತ್ತು. ಟೌನೊ ಎಂದಿನಂತೆ ತನ್ನ ಕಿತ್ತಳೆ ಬಣ್ಣದ ಟೋಪಿಯನ್ನು ಅದಕ್ಕೆ ತಗುಲಿಹಾಕಿದ.

ಬೆಳಗಿನ ಬೆಳಕು ಬರುವ ಹೊತ್ತಿಗೆ ಅವನು ಜೌಗಿನ ಅಂಚಿನ ತನ್ನ ಹಲಗೆಯ ಮರೆಯಲ್ಲಿ ಕೂತಿದ್ದ. ಕೋವಿ ನೋಡಿದವರಿಗೆ ಎಂದಿನ ಕೋವಿಯೇ. ದುರ್ಬೀನು ಕಡುಬಿನ ಚೀಲದಲ್ಲಿ ಬೆಚ್ಚಗೆ ಬಂದಿತ್ತು. ಮುಚ್ಚಳ ಬದಲಿಸುವುದನ್ನು ಅಡುಗೆಮನೆಯ ಮೇಜಿನ ಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿದ್ದ. ಆದರೆ ಅಡುಗೆಮನೆಯಲ್ಲಿ ಒಲೆಯಿತ್ತು, ಇಲ್ಲಿ ಬೆರಳುಗಳು ಮರಗಟ್ಟಿ ಯಾರದೋ ಬೆರಳುಗಳಾಗಿದ್ದವು. ಸ್ಪ್ರಿಂಗನ್ನು ಒತ್ತಿ ಹಿಡಿದು, ಮುಚ್ಚಳ ಕೂರಿಸಿ, ಪಿನ್ನು ತಳ್ಳುವಷ್ಟರಲ್ಲಿ ಪೊದೆಯಲ್ಲಿ ಸದ್ದಾಯಿತು. ಪಿನ್ನು ಒಳಗೆ ಹೋಯಿತು ಎಂದುಕೊಂಡ. ಅರ್ಧ ಹೋಗಿತ್ತು.

ದುರ್ಬೀನಿಗೆ ಕಣ್ಣಿಟ್ಟ. ಕಂದು ಕಲೆಯ ಜಾಗದಲ್ಲಿ ಒಂದು ಜಿಂಕೆ ನಿಂತಿತ್ತು. ಅದರ ರೆಪ್ಪೆ ಕಂಡಿತು. ಮೂಗಿನ ಹೊಳ್ಳೆಯಿಂದ ಹೊರಟ ಉಸಿರಿನ ಹಬೆ ಕಂಡಿತು, ಕೊಂಬಿನ ಕವಲಿನಲ್ಲಿ ಸಿಕ್ಕಿದ್ದ ಪಾಚಿಯ ಎಳೆ ಕಂಡಿತು. ಇಷ್ಟು ಚೆಂದದ ಲೋಕ ಇಷ್ಟು ದಿನ ಇಲ್ಲೇ ಇತ್ತೇ, ನಾನು ಹಟ ಮಾಡಿ ನೋಡದೆ ಕೂತಿದ್ದೆನೇ ಎಂದು ಟೌನೊಗೆ ಸಂತೋಷವೂ ದುಃಖವೂ ಒಟ್ಟಿಗೇ ಆಯಿತು. ಕೋವಿ ಕೈಯಲ್ಲಿರುವುದು ಒಂದು ಗಳಿಗೆ ಮರೆತೇಹೋಗಿತ್ತು. ಆಮೇಲೆ ಸೌಟು ನೆನಪಾಯಿತು, ಕುದುರೆ ಎಳೆದ.

ಗುಂಡು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಮುಚ್ಚಳ ಮಾತ್ರ ದುರ್ಬೀನು ಸಮೇತ ನೇರ ಹಿಂದಕ್ಕೆ ಬಂದು ಅವನ ಹುಬ್ಬಿಗೆ ಬಡಿಯಿತು. ಒಳಗಿನ ಸ್ಪ್ರಿಂಗು ಕಿವಿಯ ಪಕ್ಕ ಸುಂಯ್ ಎಂದು ಹಾರಿ ಹಿಮದಲ್ಲೆಲ್ಲೋ ಬಿತ್ತು. ಜಿಂಕೆ ತಲೆ ಎತ್ತಿ, ಹಿಂದಕ್ಕೆ ಬಿದ್ದ ಮುದುಕನನ್ನು ನೋಡಿತು. ಹೆದರಬೇಕಾದದ್ದು ಏನೂ ಕಾಣದೆ ಇನ್ನೆರಡು ಎಳೆ ಕಡ್ಡಿ ತಿಂದು ತನ್ನ ಪಾಡಿಗೆ ಹೊರಟುಹೋಯಿತು.

ಒಂದೇ ಸದ್ದು ಕೇಳಿದರೆ ಜಿಂಕೆ ಬಿದ್ದಿದೆ ಎಂದು ಅಲ್ಲಿಯ ಲೆಕ್ಕ. ಟೌನೊ ಮಂಡಿಯೂರಿ ಹಿಮದಲ್ಲಿ ಸ್ಪ್ರಿಂಗು ತಡಕಾಡುತ್ತಿರುವಾಗಲೇ ಹಗ್ಗ, ಎಳೆಬಂಡಿ ಹಿಡಿದುಕೊಂಡು ರೈನೊ ಹಾಡುತ್ತ ಬಂದ. ಹಿಂದೆ ಜ್ಯಾಗೋ ಏದುಸಿರು ಬಿಡುತ್ತಿದ್ದ. ಟೌನೊ ದುರ್ಬೀನನ್ನು ಕಡುಬಿನ ಚೀಲಕ್ಕೆ ತುರುಕಿದ.

"ಎಲ್ಲಿ ಭಾವ, ಎಲ್ಲಿ ಬಿದ್ದಿದೆ?"

"ಏನು?"

"ಜಿಂಕೆ!"

"ಯಾವ ಜಿಂಕೆ? ಕೋವಿ ಸರಿಯಿದ್ಯಾ ಅಂತ ನೋಡ್ದೆ ಅಷ್ಟೇ."

ರೈನೊ ಹಿಮದ ಮೇಲಿನ ಗೊರಸಿನ ಗುರುತು ನೋಡಿದ, ಬೆನ್ನು ತೆರೆದುಕೊಂಡು ಮಲಗಿದ್ದ ಕೋವಿ ನೋಡಿದ, ಆಮೇಲೆ ಭಾವನ ಮುಖ ನೋಡಿದ. "ಹುಬ್ಬಿಗೇನಾಯ್ತು? ರಕ್ತ ಬರ್ತಾ ಇದೆ."

"ಕೊಂಬೆ ಬಡೀತು."

"ಕೊಂಬೆ?" ರೈನೊ ಹತ್ತಿರ ಬಗ್ಗಿದ. "ಅರ್ಧಚಂದ್ರದ ಹಾಗೆ ಗಾಯ ಮಾಡೋ ಕೊಂಬೆ ಈ ಕಾಡಲ್ಲಿ ಎಲ್ಲಿ ಬೆಳೀತು ಭಾವ?"

"ನನಗೆ ಗೊತ್ತು ಆ ಕೊಂಬೆ," ಎಂದ ಜ್ಯಾಗೋ. ಟೋಪಿ ಮೇಲೆ ಸರಿಸಿ ತೋರಿಸಿದ. ಅವನ ಹುಬ್ಬಿನ ಮೇಲೂ ಅದೇ ಆಕಾರದ ಹಳೆಯ ಗಾಯದ ಗೆರೆಯಿತ್ತು. ರೈನೊ ತನ್ನದನ್ನೂ ತೋರಿಸಿದ. ದುರ್ಬೀನಿಗೆ ತೀರಾ ಹತ್ತಿರ ಕಣ್ಣಿಟ್ಟವರಿಗೆಲ್ಲ ಒಂದಲ್ಲ ಒಂದು ದಿನ, ಕೋವಿ ಹಿಂದಕ್ಕೆ ಒದ್ದಾಗ, ಅದು ಕೊಡುವ ಮುತ್ತು ಇದು. "ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಭಾವ, ಚೀಲ ತೆಗಿ."

ಟೌನೊ ಚೀಲ ತೆಗೆಯಲಿಲ್ಲ, ಅಪ್ಪಿಕೊಂಡು ಹಿಮದಲ್ಲೇ ಕೂತ. ಬೈಗುಳ ಹುಡುಕಿದ, ಒಂದೂ ಸಿಗಲಿಲ್ಲ. "ಕಾಣ್ಸಲ್ಲ ಕಣೋ ರೈನೊ," ಎಂದ. "ಎರಡು ವರ್ಷದಿಂದ ಏನೂ ಸರಿಯಾಗಿ ಕಾಣ್ಸಲ್ಲ."

"ಗೊತ್ತು."

"ಏನು ಗೊತ್ತು?"

"ಹೋದ ವರ್ಷ ನನ್ನ ನೋಡಿ 'ಬಾ ಜ್ಯಾಗೋ' ಅಂದ್ಯಲ್ಲ. ನನ್ನನ್ನ! ಅವನ ಒಂದು ತೊಡೆಯಷ್ಟಿಲ್ಲ ನಾನು. ಅವತ್ತೇ ಗೊತ್ತಾಯ್ತು."

"ನನಗೆ ಬೇಜಾರಾಗಿತ್ತು ಅವತ್ತು," ಎಂದ ಜ್ಯಾಗೋ, ಸುಧಾರಿಸಿಕೊಳ್ಳಲು ಹಿಮ ಮುಚ್ಚಿದ ದಿಮ್ಮಿಯ ಮೇಲೆ ಕೂರುತ್ತ. ಕೂತವನು ಅಷ್ಟೇ ವೇಗವಾಗಿ ಹೌಹಾರಿ ಎದ್ದ. ಸ್ಪ್ರಿಂಗು ಸಿಕ್ಕಿತ್ತು.

ಮಧ್ಯಾಹ್ನ ಗುಡಿಸಲಿನಲ್ಲಿ ಟೌನೊ ಯಾರೂ ಕೇಳುವ ಮೊದಲೇ ಕತ್ತರಿ ತೆಗೆದು ರೈನೊನ ಕೈಗೆ ಕೊಟ್ಟ. ಮಾಡಿದ್ದುಣ್ಣೋ ಮಹಾರಾಯ ಎಂದು ಎಲ್ಲರಿಗೂ ಹೇಳಿದವನು ಈಗ ತಾನೇ ಗೋಡೆಗೆ ಮುಖ ಮಾಡಿ ನಿಂತ. ಕೆನ್ನೆ ಉರಿಯುತ್ತಿತ್ತು. ಇಲ್ಲಿಗೆ ಮುಗಿಯಿತು, ಕತ್ತರಿಯ ನಂತರ ಸೌಟು ಎಂದು ಮನಸ್ಸು ಹೇಳುತ್ತಿತ್ತು.

ರೈನೊ ಕತ್ತರಿಯನ್ನು ಗಾಳಿಯಲ್ಲಿ ಎರಡು ಸಲ ಆಡಿಸಿ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡ. "ಚಂದ್ರನ್ನ ನೋಡೋಕೆ ಹೋದ ನಮ್ಮ ಭಾವ..." ಎಂದು ಶುರು ಮಾಡಿ, ಅಂಗಿಯ ತುದಿ ಎತ್ತಿದವನು ಬಗ್ಗಿ ನೋಡಿದ. ಆಮೇಲೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡ.

"ಏನೋ ಅದು?"

"ನಮ್ಮಕ್ಕ!" ಎಂದ ರೈನೊ. "ನಮ್ಮಕ್ಕ ಎಲ್ಲಿ ಕತ್ತರಿಸ್ಬೇಕು ಅಂತ ತೋರ್ಸಿಬಿಟ್ಟಿದ್ದಾಳೆ!"

ಅಂಗಿಯ ತುದಿಯಿಂದ ಒಂದು ಗೇಣು ಮೇಲೆ, ಈ ಬದಿಯಿಂದ ಆ ಬದಿಗೆ, ನೇರವಾಗಿ ಕೆಂಪು ದಾರದ ಹೊಲಿಗೆ ಇತ್ತು. ಅದರ ಕೆಳಗೆ ಕತ್ತರಿಸಿದರೆ ಉಳಿದ ಅಂಗಿಯ ಎಳೆ ಬಿಡುವುದಿಲ್ಲ. ಟೌನೊಗೆ ಕ್ವಾರಿ ನೆನಪಾಯಿತು, ಬಿಚ್ಚಿಸಿಟ್ಟ ಹೊಸ ಅಂಗಿ ನೆನಪಾಯಿತು, ಹೊಗೆಯ ಮಾತು ನೆನಪಾಯಿತು. "ಅಯ್ಯೋ ಇವಳಾ," ಎಂದ. ಅವನಿಗೂ ನಗು ಬಂತು, ನಕ್ಕರೆ ಹುಬ್ಬು ನೋಯುತ್ತಿತ್ತು, ಆದರೂ ನಕ್ಕ.

ಕತ್ತರಿ ಕೆಂಪು ಹೊಲಿಗೆಯ ಕೆಳಗೆ ಚರಚರ ಹೋಯಿತು. ಬೆನ್ನಿಗೆ ತಣ್ಣನೆಯ ಗಾಳಿ ತಗುಲಿತು. ಜ್ಯಾಗೋ ಬಟ್ಟೆಯ ಮೇಲೆ ಹೆಸರು ಬರೆದ. ರೈನೊ ಟೌನೊನ ಟೋಪಿಯನ್ನು ತೋರಣದ ನಡುವಿನ ಆ ಮೊಳೆಯಿಂದ ತೆಗೆದು ಅವನ ಕೈಗೆ ಕೊಟ್ಟು, ಬಟ್ಟೆಯನ್ನು ಅಲ್ಲಿಗೆ ಸಿಕ್ಕಿಸಿದ.

"ಹೊಸ ಮೊಳೆ ಹೊಡೀಬೇಕಲ್ವಾ?" ಎಂದ ಟೌನೊ.

"ಇದು ನಿನ್ನದೇ. ಒನ್ನಿ ಹೊಡೆದಿದ್ದು. 'ಇದು ಟೌನೊಗೆ, ಯಾರೂ ಮುಟ್ಬೇಡಿ, ಒಂದಿನ ಬೇಕಾಗುತ್ತೆ' ಅಂದಿದ್ದ. ನೀನು ನೋಡಿದ್ರೆ ವರ್ಷಾ ವರ್ಷಾ ಬಂದು ಟೋಪಿ ಹಾಕ್ತಿದ್ದೆ. ನಾವು ಒಬ್ರ ಮುಖ ಒಬ್ರು ನೋಡ್ಕೋತಿದ್ವಿ."

ಟೌನೊ ಗೋಡೆ ನೋಡುತ್ತ ನಿಂತ. ಅವನ ಬಟ್ಟೆ ರೈನೊನ ಎರಡು ತುಂಡುಗಳ ನಡುವೆ ಇತ್ತು. ಅಲ್ಲಿ ಅದು ಬಿಟ್ಟರೆ ಬೇರೇನೂ ಹೊಂದುತ್ತಿರಲಿಲ್ಲ ಎನಿಸಿತು.

"ಮತ್ತೆ... ಸೌಟು?" ಎಂದು ಕೇಳಿದ, ಒಲೆಯ ಕಡೆ ನೋಡದೆ.

"ಸೌಟಾ?" ರೈನೊ ಹುಬ್ಬೇರಿಸಿದ. "ಅಡುಗೆಯವನ ಅಂಗಿ ಯಾರಾದ್ರೂ ಕತ್ತರಿಸ್ತಾರಾ ಭಾವ? ಗುರಿ ತಪ್ಪಿದವನದ್ದು ಕತ್ತರಿಸೋದು. ಗುರಿ ತಪ್ಪೋಕೆ ಬೇಟೆಗಾರ ಆಗಿರ್ಬೇಕು. ನಾಳೆ ಡೋರೀನ್ ಹತ್ರ ಹೋಗಿ ಪಕ್ಕಕ್ಕೆ ಬಿಗಿಯೋ ಮೌಂಟು ತರೋಣ. ತೂತು ನಾನೇ ಕೊರೀತೀನಿ."

"ನೀನು ಕೊರೆದ್ರೆ ನಳಿಗೆಗೇ ತೂತು ಬೀಳುತ್ತೆ," ಎಂದ ಟೌನೊ. ಹಳೆಯ ದನಿ ವಾಪಸು ಬಂದಿತ್ತು. "ಡೋರೀನ್ ಕೊರೀಲಿ."

ಜ್ಯಾಗೋ ಕಡುಬು ಬಿಸಿಗಿಟ್ಟ. ಟೌನೊ ಟೋಪಿ ಹಿಡಿದುಕೊಂಡು ಗುಡಿಸಲಿನಲ್ಲಿ ಒಂದು ಸುತ್ತು ಬಂದ. ಹಾಕುವುದಕ್ಕೆ ಎಲ್ಲೂ ಮೊಳೆ ಖಾಲಿ ಇರಲಿಲ್ಲ. ಕೊನೆಗೆ ಒಲೆಯ ಹತ್ತಿರ ಹೋಗಿ, ಅದನ್ನು ಸೌಟಿನ ಮೇಲೆ ತಗುಲಿಹಾಕಿ ಬಂದು ಊಟಕ್ಕೆ ಕೂತ.